ಮೂವರಿಗೂ ಒಂದೊಂದು ಪ್ರತಿ

ಇಷ್ಟಕ್ಕೆಲ್ಲ ಕಾರಣ ತಾರಸಿಯ ಮೂಲೆಯಲ್ಲಿದ್ದ ಒಂದು ತುಕ್ಕು ಹಿಡಿದ ಕೊಳವೆ. "ಅದನ್ನು ಕೀಳಬೇಕೋ, ಹಾಗೇ ಬಿಡಬೇಕೋ?" ಎಂದು ಬೆಳಿಗ್ಗೆಯೇ ಒಂದು ಚೀಟಿ ಬಂತು.

ಬಂದದ್ದು ನಾಲ್ಕನೆಯ ಮಹಡಿಯ ಗಡಿಯಾರ ರಿಪೇರಿಯವನಿಗೆ. ಊರಿನವರ ನಿಂತ ಗಡಿಯಾರಗಳನ್ನೆಲ್ಲ ನಡೆಸುವ ಅವನು ಕಟ್ಟಡದ ಮಾಲೀಕರ ಸಂಘಕ್ಕೆ ಕಾರ್ಯದರ್ಶಿ. ಮೂವತ್ತೆಂಟು ವರ್ಷ, ಒಂಟಿ. ಸೋರುವ ತಾರಸಿಯ ನೇರ ಕೆಳಗೆ ಅವನ ಹಾಸಿಗೆ, ಹಾಸಿಗೆಯ ಮೇಲೆ ಬಕೆಟ್ಟು. ಉಳಿದ ಜಾಗದಲ್ಲಿ ಅವನು ಪ್ರಶ್ನೆಯ ಚಿಹ್ನೆಯ ಹಾಗೆ ಮುದುರಿ ಮಲಗುತ್ತಿದ್ದ.

ಚೀಟಿ ಬರೆದವಳು, ತಾರಸಿ ದುರಸ್ತಿಗೆ ಟೆಂಡರು ಹಾಕಲಿದ್ದ ಮೂವರು ಕಂಟ್ರಾಕ್ಟರುಗಳಲ್ಲಿ ಒಬ್ಬಳು. ಹೋದ ವಾರ ಅಳತೆಗೆ ಬಂದಿದ್ದಳು. ತುರುಬಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, "ಗಟ್ಟಿಯಾಗಿ ಹಿಡ್ಕೊಳ್ಳಿ, ಬಿಡಬೇಡಿ" ಎನ್ನುತ್ತ ದೂರ ದೂರ ನಡೆದಿದ್ದಳು. ಮನಸ್ಸಿನಲ್ಲಿ ಅವನು ಆ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ.

ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು ಟೆಂಡರಿಗೆ ನಿಯಮ ಬರೆದಿದ್ದರು. ಮುಚ್ಚಿದ ಲಕೋಟೆಗಳು ಮೂರಾದರೂ ಬರಬೇಕು. ಇವತ್ತು ಐದು ಗಂಟೆಗೆ ಎಲ್ಲರೆದುರು ಡಬ್ಬ ತೆರೆಯಬೇಕು. ಒಬ್ಬರ ಪ್ರಶ್ನೆಗೆ ಕೊಟ್ಟ ಉತ್ತರದ ಪ್ರತಿ ಮೂವರಿಗೂ ಹೋಗಬೇಕು.

'ಕೊಳವೆ ಹಾಗೇ ಇರಲಿ' ಎಂದು ಗಡಿಯಾರದವನು ಬರೆದ. ಪೆನ್ನು ನಿಲ್ಲಲಿಲ್ಲ. 'ನೀವು ಬಂದು ಹೋದ ಮೇಲೆ ತಾರಸಿ ಖಾಲಿ ಖಾಲಿ ಅನ್ನಿಸುತ್ತಿದೆ. ಇವತ್ತು ನಾಲ್ಕಕ್ಕೆ ಬಂದರೆ ಒಂದು ಲೋಟ ಟೀ ಕುಡಿಯಬಹುದು. ಕೂತೇ ಇದ್ದರೆ ಸೂರ್ಯ ಮುಳುಗುವುದೂ ಕಾಣುತ್ತದೆ'

ಕಳಿಸಲಿಕ್ಕಲ್ಲ, ಬರೆದು ನೋಡಲಿಕ್ಕೆ. ಹರಿದು ಬೇರೆ ಬರೆದರಾಯಿತು ಎಂದುಕೊಂಡು ಬಕೆಟ್ಟು ಚೆಲ್ಲಿ ಬಂದ. ಮೇಜಿನ ಮೇಲೆ ಕಾಗದವಿರಲಿಲ್ಲ.

ಮಧ್ಯಾಹ್ನ, ಎರಡನೆಯ ಮಹಡಿಯ ಹೊಲಿಗೆ ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. "ಬಾಗಿಲು ತೆಗ್ದಿತ್ತು, ಕಾಗದ ರೆಡಿ ಇತ್ತು. ನಾನೇ ಪ್ರತಿ ಮಾಡ್ಸಿ ಮೂವರಿಗೂ ಕೊಟ್ಟು ಬಂದೆನಪ್ಪಾ!"

"ಅಕ್ಕಾ! ಓದಿದ್ರಾ?"

"ಛೆ, ಇನ್ನೊಬ್ರ ಕಾಗದ ನಾನ್ಯಾಕೆ ಓದ್ಲಿ? ಹೆಡ್‌ಮಾಸ್ಟ್ರು ಗಟ್ಟಿಯಾಗಿ ಓದಿದ್ರು, ನಾನು ಕೇಳಿಸ್ಕೊಂಡೆ. ಟೀಗೆ ಕರೆದ್ರೆ ಮೂವರನ್ನೂ ಕರೀಬೇಕು, ಸರಿಯಾಗಿದೆ ಅಂದ್ರು. ಕೊನೇಲಿ ಪೂರ್ಣವಿರಾಮ ಇರ್ಲಿಲ್ವಂತೆ, ಅವರೇ ಹಾಕಿದ್ರು."

ನಾಲ್ಕಕ್ಕೆ ಸರಿಯಾಗಿ ತಾರಸಿಗೆ ಇಬ್ಬರು ಬಂದರು. ಮೀಸೆ ಕಂಟ್ರಾಕ್ಟರು ಇಸ್ತ್ರಿ ಅಂಗಿ ತೊಟ್ಟಿದ್ದರು. ಬೋಳುತಲೆ ಕಂಟ್ರಾಕ್ಟರ ಮುಖ ಸಪ್ಪಗಿತ್ತು.

"ಸಾರ್, ನಾನು ಬಂದು ಹೋದ್ಮೇಲೆ ತಾರಸಿ ಖಾಲಿ ಅಂತ ಬರ್ದಿದೀರಿ. ನಿಮ್ಮಾಣೆಗೂ ನಾನೇನೂ ತಗೊಂಡು ಹೋಗಿಲ್ಲ."

"ಈ ಸೂರ್ಯ ನೋಡೋದು," ಮೀಸೆಯವರು ಕೇಳಿದರು, "ಟೆಂಡರಲ್ಲಿ ಕಡ್ಡಾಯಾನಾ?"

ಹೆಡ್‌ಮಾಸ್ಟರು ಒಂದು ಕಣ್ಣು ಮುಚ್ಚಿ, ಮೂರು ಲೋಟಕ್ಕೂ ಒಂದೇ ಮಟ್ಟಕ್ಕೆ ಟೀ ಸುರಿದರು. ಮೂರನೆಯದನ್ನು ಯಾರೂ ಮುಟ್ಟಬಾರದೆಂದು ತಟ್ಟೆ ಮುಚ್ಚಿದರು. ಗಡಿಯಾರದವನು ಆ ತಟ್ಟೆಯನ್ನೇ ನೋಡುತ್ತ ಕೂತ. ಅವಳು ಬರಲಿಲ್ಲ.

ಐದಕ್ಕೆ ಹೆಡ್‌ಮಾಸ್ಟರ ಮನೆಯಲ್ಲಿ ಡಬ್ಬ ತೆರೆಯಿತು. ಎರಡು ಲಕೋಟೆಗಳಲ್ಲಿ ದರಪಟ್ಟಿಗಳಿದ್ದವು. ಅಜ್ಜಿ ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುವಂತೆ, ಗಡಿಯಾರದವನ ಪ್ರಾಣ ಮೂರನೆಯ ಲಕೋಟೆಯೊಳಗೆ ರೆಕ್ಕೆ ಬಡಿಯುತ್ತಿತ್ತು. ಹೆಡ್‌ಮಾಸ್ಟರು ಓದಿದರು:

'ಟೆಂಡರು ಹಾಕುವವಳು ಕಾರ್ಯದರ್ಶಿಗಳ ಟೀ ಕುಡಿಯುವುದು ನ್ಯಾಯವಲ್ಲ. ಹಾಕದವಳು ಕುಡಿಯಬಹುದು. ಆದ್ದರಿಂದ ನಾನು ಹಿಂದೆ ಸರಿದಿದ್ದೇನೆ. ಐದೂವರೆಗೆ ಬರುತ್ತೇನೆ. ಸಕ್ಕರೆ ಕಡಿಮೆ ಇರಲಿ.'

ಗಡಿಯಾರದವನು ಕುರ್ಚಿಯಿಂದ ಅರ್ಧ ಎದ್ದ. ಆ ಅರ್ಧದಲ್ಲೇ ಹೆಡ್‌ಮಾಸ್ಟರ ಧ್ವನಿ ತಡೆಯಿತು.

"ದರ ಇರೋ ಲಕೋಟೆ ಎರಡೇ ಆಯ್ತು. ಟೆಂಡರು ರದ್ದು!"

ಅಷ್ಟರಲ್ಲಿ ಬಾಗಿಲಲ್ಲಿ ಅವಳು. ತುರುಬಲ್ಲಿ ಅದೇ ಪೆನ್ಸಿಲು.

"ಅಮ್ಮಾ, ಈ ಊರಲ್ಲಿ ತಾರಸಿ ಕೆಲಸದವರು ಇರೋದೇ ನೀವು ಮೂವರು," ಹೆಡ್‌ಮಾಸ್ಟರು ಕೈ ಮುಗಿದರು. "ನೀವು ಹಾಕ್ದಿದ್ರೆ ಟೆಂಡರೇ ಇಲ್ಲ. ಪಾಪ, ಕಾರ್ಯದರ್ಶಿಗಳು ಬಕೆಟ್ ಜೊತೆ ಸಂಸಾರ ಮಾಡ್ತಿದಾರೆ."

ಅವಳು ಅವನತ್ತ ತಿರುಗಿದಳು. "ಹಾಸಿಗೆ ಮೇಲೇ ಸೋರುತ್ತಾ?"

"ಇಲ್ಲಪ್ಪ, ಏನೋ ಒಂದೊಂದು ಹನಿ..."

"ಹನಿಯಂತೆ!" ಹೊಲಿಗೆ ಅಕ್ಕ ಬಾಯಿ ಹಾಕಿದಳು. "ಅಲ್ಲಿ ಮೀನು ಸಾಕಬಹುದು!"

ಅವಳು ತುರುಬಿನ ಪೆನ್ಸಿಲು ಕೈಗೆ ತೆಗೆದುಕೊಂಡಳು. "ಹಾಗಿದ್ರೆ ಹಾಕ್ತೀನಿ. ನೀವು ಕಾಲು ಚಾಚಿ ಮಲಗಬೇಕಲ್ಲ."

ಹೆಡ್‌ಮಾಸ್ಟರು ಅಲ್ಲೇ ಹೊಸ ನಿಯಮ ಬರೆದರು: ಕೆಲಸ ಮುಗಿದು, ಐದು ವರ್ಷದ ಗ್ಯಾರಂಟಿ ತೀರುವವರೆಗೆ ಕಂಟ್ರಾಕ್ಟರುಗಳು ಯಾವ ಮಾಲೀಕರ ಜೊತೆಯೂ ಟೀ ಕುಡಿಯತಕ್ಕದ್ದಲ್ಲ. ಕೆಳಗೆ ಕಾರ್ಯದರ್ಶಿಯ ಸಹಿ ಬೇಕಿತ್ತು. ಅವನೇ ಹಾಕಿದ.

ಅವನು ತಾರಸಿಗೆ ಬಂದಾಗ ಮೂರನೆಯ ಲೋಟ ಕೆನೆಗಟ್ಟಿತ್ತು. ಆಕಾಶ ಕೆಂಪಾಗುತ್ತಿತ್ತು. ಹೊಲಿಗೆ ಅಕ್ಕ ಮತ್ತೆ ಏದುಸಿರು ಬಿಡುತ್ತ ಚೀಟಿ ತಂದಳು: 'ಹೊಸ ಟೆಂಡರು, ಪ್ರಶ್ನೆ ಒಂದು. ಸೂರ್ಯ ಮುಳುಗುವುದು ಈಗ ಕಾಣುತ್ತಿದೆಯೇ?'

ಅವನು ಬಗ್ಗಿ ನೋಡಿದ. ಕೆಳಗೆ ಗೇಟಿನ ಬಳಿ ಅವಳು ಕತ್ತೆತ್ತಿ ನಿಂತಿದ್ದಳು. ನಡುವೆ ನಾಲ್ಕು ಮಹಡಿ, ಐದು ವರ್ಷ.

'ಕಾಣುತ್ತಿದೆ. ಒಬ್ಬನೇ ನೋಡಿ ಮುಗಿಯುವಂಥದ್ದಲ್ಲ' ಎಂದು ಬರೆದ. ಈ ಸಲ ಪೂರ್ಣವಿರಾಮವನ್ನೂ ತಾನೇ ಹಾಕಿದ.

ಅಕ್ಕ ಕಾಗದ ಮಡಚಿಕೊಂಡು ಮೆಟ್ಟಿಲಿಳಿಯುತ್ತ ತಿರುಗಿ ಕೇಳಿದಳು:

"ಮೂವರಿಗೂ ತಾನೇ?"