ನನ್ನ ಗಂಡ ಸಬ್‌ಸೈಡ್ ಆದದ್ದು

ನಿನ್ನೆ ಮಾಡಿದ ಕೆಲಸಗಳು: ಫ್ಲಾಸ್ಕ್ ತೊಳೆದೆ. ಆಸ್ಪತ್ರೆಯ ಹಿಂದಿನ ತಂತಿಯ ಮೇಲೆ ಎರಡು ಪಂಚೆ ಒಣಗಿಸಿದೆ. ಎದುರಿನ ಹೋಟೆಲಿನಿಂದ ಉಪ್ಪು ಹಾಕದ ಗಂಜಿ ತಂದೆ. ಹೊನ್ನಾವರದ ಪಕ್ಕದ ಮನೆಯವರಿಗೆ ಫೋನ್ ಮಾಡಿ, ನಮ್ಮ ಬೆಕ್ಕಿಗೆ ಅನ್ನ ಹಾಕಲು ಹೇಳಿದೆ. ಗಂಡನನ್ನು ಒಮ್ಮೆ ಸಾಯಿಸಿದೆ.

ಕೊನೆಯದು ಬೇಕೆಂದು ಮಾಡಿದ್ದಲ್ಲ.

ನನ್ನವರು ಮೂವತ್ತು ವರ್ಷ ಭಟ್ಕಳ–ಕುಮಟಾ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಈಗ ಎರಡೂ ಕಾಲಿಗೆ ಬಾವು ಬಂದು ಕುಮಟೆಯ ಆಸ್ಪತ್ರೆಯೊಂದರಲ್ಲಿ ಐದು ದಿನದಿಂದ ಮಲಗಿದ್ದಾರೆ. ಹೃದಯ ದಣಿದಿದೆಯಂತೆ. ಡಾಕ್ಟರು ಉತ್ತರದ ಕಡೆಯವರು, ಕನ್ನಡ ಬಾರದು. ಮೊನ್ನೆ ಕಾಲು ನೋಡಿ, "ಇಟ್ ವಿಲ್ ಸಬ್‌ಸೈಡ್" ಎಂದು ಹೇಳಿ ಹೋದರು.

"ಹಂಗಂದ್ರೆ ಎಂತ?" ಎಂದು ಗಂಡನನ್ನು ಕೇಳಿದೆ.

"ಇಳೀತದೆ ಅಂದ್ರು. ಸಬ್‌ಸೈಡ್ ಅಂದ್ರೆ ಇಳಿಯೂದು."

ಇಳಿಯುವ ವಿಷಯದಲ್ಲಿ ಅವರ ಮಾತನ್ನು ಅನುಮಾನಿಸುವುದುಂಟೇ? ಜೀವಮಾನವಿಡೀ ಜನರನ್ನು ಇಳಿಸಿದವರು! ಶಬ್ದವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೆ.

ನಿನ್ನೆ ಬೆಳಿಗ್ಗೆ ಪವಾಡವೇ ನಡೆಯಿತು. ಯಾರ ಕೈಯನ್ನೂ ಹಿಡಿಯದೆ ಅವರು ಮಂಚದಿಂದ ಇಳಿದು ಬಚ್ಚಲಿಗೆ ನಡೆದರು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊರಗೆ ಓಡಿದೆ. ವರಾಂಡದಲ್ಲಿ ಡಾಕ್ಟರು ಬರುತ್ತಿದ್ದರು.

"ಡಾಕ್ಟರ್! ಮೈ ಹಸ್ಬೆಂಡ್ ಸಬ್‌ಸೈಡ್!"

ಅವರು ಗಕ್ಕನೆ ನಿಂತರು. "ವಾಟ್? ವೆನ್?"

"ಜಸ್ಟ್ ನೌ! ಫುಲ್ ಸಬ್‌ಸೈಡ್! ನೋ ಹೆಲ್ಪ್!" ಎಂದು ಬಾಯ್ತುಂಬ ನಕ್ಕೆ.

ಕೆಲಸ ಕೆಡಿಸಿದ್ದು ಆ ನಗು. ನನಗೆ ತಲೆ ಕೆಟ್ಟಿತೆಂದುಕೊಂಡ ನರ್ಸಮ್ಮ ನನ್ನನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಡಾಕ್ಟರು ಒಳಗೆ ಓಡಿದರು. ಮಂಚ ಖಾಲಿ! ಪಕ್ಕದ ಮಂಚದ ರೋಗಿಯ ಹೆಂಡತಿ, ಮುರ್ಡೇಶ್ವರದವಳು, ಆಗಷ್ಟೇ ಹೊರಗಿನಿಂದ ನೀರು ತಂದವಳು, "ಅಯ್ಯೋ, ಅಷ್ಟ್ ಬೇಗ ತಗಂಡೂ ಹೋದ್ರಾ! ಈಗಷ್ಟೇ ನಂಗೆ ಬಿಸ್ಕೀಟ್ ಕೊಟ್ಟಿದ್ರಲ್ರಾ!" ಎಂದು ಎದೆ ಬಡಿದುಕೊಂಡಳು. ಅವಳು ಅಳುವುದನ್ನು ಕೇಳಿ ನಾನೂ ಅಳತೊಡಗಿದೆ, ಹೋದವರು ಯಾರೆಂದು ತಿಳಿಯದೆ!

ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆಯಿತು. ಹೆಗಲ ಮೇಲೆ ಟವೆಲ್.

"ಎಂತ ಆತು? ಯಾರು ಹೋದ್ರು?"

"ನೀವೇ!" ಎಂದಳು ನರ್ಸಮ್ಮ.

ಮುರ್ಡೇಶ್ವರದವಳು ಮೂಗೊರೆಸಿಕೊಂಡು, "ನನ್ನ ಅಳು ದಂಡ ಆತಲ್ರಾ" ಎಂದಳು.

ಆಮೇಲೆ ಡಾಕ್ಟರ ಅಪ್ಪಣೆಯ ಮೇರೆಗೆ ನರ್ಸಮ್ಮ ನನಗೆ ಪಾಠ ಮಾಡಿದಳು. "ಮನುಷ್ಯರು ಸಬ್‌ಸೈಡ್ ಆಗೂದಿಲ್ಲ ಅಮ್ಮಾ. ನೀವು ಹಂಗಂದದ್ದಕ್ಕೆ ಡಾಕ್ಟರು ಜೀವವೇ ಹೋಯ್ತು ಅಂದ್ಕಂಡ್ರು. ನೋವು ಆಗ್ತದೆ, ಜ್ವರ ಆಗ್ತದೆ, ಗಾಳಿಮಳೆ ಆಗ್ತದೆ. ಬಾವು ಆಗ್ತದೆ."

ಕಲಿತದ್ದನ್ನು ಸರಿಯಾಗಿ ಪ್ರಯೋಗಿಸೋಣವೆಂದು, ಗಂಡನ ಕಾಲು ತೋರಿಸಿ, "ಡಾಕ್ಟರ್, ಬಾವು ಸಬ್‌ಸೈಡ್?" ಎಂದು ಕೇಳಿದೆ.

ಡಾಕ್ಟರು ಅವರ ಪಾದದ ಮೇಲೆ ಹೆಬ್ಬೆರಳೊತ್ತಿ ತೆಗೆದರು. ಒತ್ತಿದ ಗುಂಡಿ ಹಾಗೇ ಉಳಿಯಿತು. ಮೊನ್ನೆಗಿಂತ ಆಳವಾಗಿಯೇ.

"ನಾಟ್ ಯೆಟ್, ಅಮ್ಮಾ."

ಇದರ ಅರ್ಥವನ್ನು ನಾನು ಯಾರಲ್ಲೂ ಕೇಳಲಿಲ್ಲ. ಮಂಚದಿಂದ ಇಳಿದದ್ದು ಅವರು. ಬಾವಲ್ಲ.

ಎಲ್ಲರೂ ಹೋದ ಮೇಲೆ ನನ್ನವರು ಮೆಲ್ಲಗೆ ಹೇಳಿದರು: "ಈ ಬಾವು ಪಾಸ್ ಮಾಡಿಸ್ಕಂಡೇ ಹತ್ತಿದೆ ಮಾರಾಯ್ತಿ. ಕೊನೇ ಸ್ಟಾಪ್ ತನಕ ಇಳಿಯೂ ಹಂಗೆ ಕಾಣೂದಿಲ್ಲ."

ನಾನು ನಗಲೆಂದು ಹೇಳಿದ್ದು. ನಕ್ಕೆ. ಗಂಜಿಗೆ ಉಪ್ಪು ಬೀಳಬಾರದೆಂದು ಡಾಕ್ಟರ ಕಟ್ಟಪ್ಪಣೆ, ಹಾಗಾಗಿ ಮುಖವನ್ನು ಬಟ್ಟಲಿನಿಂದ ಆಚೆ ತಿರುಗಿಸಿ ನಕ್ಕೆ.

ರಾತ್ರಿ ಊಟ: ಅವರಿಗೆ ಗಂಜಿ, ನನಗೆ ಅವರು ಬಿಟ್ಟ ಗಂಜಿ. ಬೆಳಗಿನವರೆಗೂ ಎಚ್ಚರವಿದ್ದು ನೋಡಿಕೊಳ್ಳುತ್ತೇನೆಂದು ಗೋಡೆಬದಿಯ ಬೆಂಚಿನ ಮೇಲೆ ಕುಳಿತವಳು ನಾನು. ಮೊದಲು ನಿದ್ದೆ ಹೋದವಳೂ ನಾನೇ!

ಬೆಳಿಗ್ಗೆ ಕಣ್ಣು ಬಿಟ್ಟಾಗ ಅವರ ಹೊದಿಕೆ ನನ್ನ ಮೈಮೇಲಿತ್ತು. ರಾತ್ರಿ ಯಾವಾಗಲೋ ಮಂಚದಿಂದ ಮತ್ತೊಮ್ಮೆ ಸಬ್‌ಸೈಡ್ ಆಗಿದ್ದರು.

ಈ ಸಲ ಡಾಕ್ಟರಿಗೆ ಹೇಳಲು ಓಡಲಿಲ್ಲ.