ಚಿಕ್ಕಮ್ಮನ ಎದುರಿನ ಸ್ಪೀಡೋಮೀಟರು

ನನ್ನ ಚಿಕ್ಕಪ್ಪ ಹಿಮಾಲಯ ಹತ್ತಬಲ್ಲ ಗಾಡಿಯಲ್ಲಿ ದಿನಾ ಬೆಳಿಗ್ಗೆ ಬದನೆಕಾಯಿ ತರಲು ಹೋಗುತ್ತಾರೆ. ಉತ್ಪ್ರೇಕ್ಷೆಯಲ್ಲ, ಸೂರತ್ತಿಗೆ ಬಂದರೆ ನಿಮಗೇ ತೋರಿಸುತ್ತೇನೆ. ಈ ಊರು ಲಟ್ಟಿಸಿದ ಚಪಾತಿಯ ಹಾಗೆ ಚಪ್ಪಟೆ. ಇಲ್ಲಿನ ಮಹಾಶಿಖರವೆಂದರೆ ಫ್ಲೈಓವರು. ಸೀರೆಯ ಗಂಟು ಹೇರಿಕೊಂಡ ಸೈಕಲ್ಲಿನವರೂ ಅದನ್ನು ಹತ್ತಿ ಇಳಿಯುತ್ತಾರೆ. ಅಂಥ ಊರಿನಲ್ಲಿ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಪಿಕಪ್ ಟ್ರಕ್ಕು ಇಟ್ಟುಕೊಂಡ ಉಡುಪಿ ಹೋಟೆಲಿನವರು ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ದೃಷ್ಟಿ ತೆಗೆಯೋಣ!

ನಾನು ಬ್ಯಾಂಕಿನವಳು. ವರ್ಗವಾಗಿ ಇಲ್ಲಿಗೆ ಬಂದು ಅಡಾಜಣ್‌ನಲ್ಲಿ ಮನೆ ಮಾಡಿದ್ದೇನೆ. ಭಾನುವಾರ ಬಂತೆಂದರೆ ತಾಪಿ ನದಿ ದಾಟಿ ಉಧ್ನಾಕ್ಕೆ, ಚಿಕ್ಕಪ್ಪನ ಹೋಟೆಲಿಗೆ ಹಾಜರು. ಹೋಟೆಲಿನ ಹಿಂದೆಯೇ ಅವರ ಮನೆ. ಹಾಗೆ ಹೇಳುವುದು ಮರ್ಯಾದೆಗೆ. ನಿಜಕ್ಕೂ ಹೋಟೆಲಿನ ಈರುಳ್ಳಿ ಮೂಟೆಗಳ ನಡುವೆ ಅವರಿಬ್ಬರು ಮಲಗಲು ಸ್ವಲ್ಪ ಜಾಗ ಮಾಡಿಕೊಂಡಿದ್ದಾರೆ, ಅಷ್ಟೆ.

ಕೆಟ್ಟದ್ದನ್ನು ರಿಪೇರಿ ಮಾಡುವವರು ಲೋಕದಲ್ಲಿ ಬೇಕಾದಷ್ಟು ಜನ. ನಮ್ಮ ಚಿಕ್ಕಪ್ಪ ಕೆಡದೇ ಇರುವುದನ್ನೂ ರಿಪೇರಿ ಮಾಡುತ್ತಾರೆ. ಒಮ್ಮೆ ಹೋಟೆಲಿನ ರುಬ್ಬುವ ಯಂತ್ರ ಸೋಮಾರಿಯಾಗಿದೆ ಎಂದು ಅವರಿಗೆ ಅನ್ನಿಸಿತು. ಎಲ್ಲಿಂದಲೋ ಒಂದು ದೊಡ್ಡ ಮೋಟಾರು ತಂದು ಕೂರಿಸಿದರು. ಸ್ವಿಚ್ಚು ಒತ್ತಿದ್ದೇ ತಡ, ಉದ್ದಿನ ಹಿಟ್ಟು ಗೋಡೆ, ಸೂರು, ಗಲ್ಲಾಪೆಟ್ಟಿಗೆಯ ಮೇಲಿನ ಗಣಪತಿಯ ಪಟ ಎಲ್ಲಕ್ಕೂ ಸಮನಾಗಿ ಹಂಚಿಹೋಯಿತು. ಚಿಕ್ಕಮ್ಮ ಪಟ ಒರೆಸುತ್ತಾ, ಇಷ್ಟು ವರ್ಷ ನಾವು ಮಾಡಿದ ಅಭಿಷೇಕ ದೇವರಿಗೆ ಸಾಲಲಿಲ್ಲ ಅಂತ ಕಾಣುತ್ತದೆ ಎಂದರಂತೆ. ಚಿಕ್ಕಮ್ಮನ ಸಿಟ್ಟು ಹೀಗೇ, ದನಿ ಏರುವುದೇ ಇಲ್ಲ.

ಅವರು ನಿಜವಾಗಿ ಸಿಟ್ಟಾದದ್ದು ಒಂದೇ ಸಲ, ಅದೂ ಹರಳೆಣ್ಣೆಯ ಹರಳು ಬೆಳೆದ ಹೊಲದಲ್ಲಿ. ಇವರ ಮಗಳು ಅಹಮದಾಬಾದಿನ ವಸ್ತ್ರಾಪುರದಲ್ಲಿದ್ದಾಳೆ. ಅವಳನ್ನು ನೋಡಲು ಗಂಡ ಹೆಂಡತಿ ಪಿಕಪ್ಪಿನಲ್ಲೇ ಹೊರಟಿದ್ದರು. ವಡೋದರಾ ದಾಟಿದ ಮೇಲೆ ಚಿಕ್ಕಮ್ಮನಿಗೆ ಗಾಡಿ ಜೋರಾಗಿ ಹೋಗುತ್ತಿದೆ ಅನ್ನಿಸಿ ಹೇಳಿದ್ದಾರೆ. ಚಿಕ್ಕಪ್ಪ ಸ್ಪೀಡೋಮೀಟರಿನ ಮುಳ್ಳು ತೋರಿಸಿ, ನಲವತ್ತು ಮಾತ್ರ, ನೀನೇ ನೋಡು ಎಂದಿದ್ದಾರೆ. ಮುಳ್ಳೇನೋ ನಲವತ್ತರಲ್ಲೇ ಇತ್ತು. ಭರೂಚಿನಿಂದಲೂ ಅಲ್ಲೇ ಇತ್ತು. ಯಾಕೆಂದರೆ ಅದು ಅಲ್ಲಿಯೇ ಸಿಕ್ಕಿಹಾಕಿಕೊಂಡಿತ್ತು! ಮುಂದಿನ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಹರಳಿನ ಹೊಲಕ್ಕೆ ಇಳಿದು ಒಂದು ದಿಬ್ಬದ ಮೇಲೆ ಕೂತಿತು. ದೇವರ ದಯೆ, ಇಬ್ಬರಿಗೂ ಏನೂ ಆಗಲಿಲ್ಲ. ಗಾಡಿಯ ಗೇರ್‌ಬಾಕ್ಸು ಒಡೆಯಿತು, ಮಗಳಿಗೆಂದು ಒಯ್ಯುತ್ತಿದ್ದ ಪತ್ರೊಡೆ ಹೊಲದ ಪಾಲಾಯಿತು.

ಚಿಕ್ಕಮ್ಮ ಇಳಿದು ಸೀರೆ ಕೊಡವಿಕೊಂಡು ಹೇಳಿದ ಮಾತನ್ನು ಚಿಕ್ಕಪ್ಪ ಈಗಲೂ ಅಕ್ಷರ ಬಿಡದೆ ಒಪ್ಪಿಸುತ್ತಾರೆ.

"ಗಾಡಿ ಬಿದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ನಾನು ಕೇಳುವಾಗ ನಲವತ್ತು ಅಂತ ಹೇಳಿದಿರಲ್ಲ, ಅದಕ್ಕೆ. ಇನ್ನು ಈ ಗಾಡಿಗೆ ನಾನು ಹತ್ತುದಿಲ್ಲ."

ಹತ್ತಲೂ ಇಲ್ಲ. ವಸ್ತ್ರಾಪುರಕ್ಕೆ ರೈಲಿನಲ್ಲಿ ಹೋಗತೊಡಗಿದರು. ಅದು ಹೇಗೂ ನಡೆಯುತ್ತಿತ್ತು. ನಡೆಯದೇ ಹೋದದ್ದು ಬೆಳಗಿನ ತರಕಾರಿ ಮಾರ್ಕೆಟು. ಮೊದಲು ಇಬ್ಬರೂ ಒಟ್ಟಿಗೆ ಪಿಕಪ್ಪಿನಲ್ಲಿ ಹೋಗುತ್ತಿದ್ದರು; ಚಿಕ್ಕಮ್ಮ ಆರಿಸುವುದು, ಚಿಕ್ಕಪ್ಪ ಹೊರುವುದು. ಈಗ ಬಾಡಿಗೆ ಟೆಂಪೋದಲ್ಲಿ ಚಿಕ್ಕಪ್ಪ ಒಬ್ಬರೇ. ಮೋಟಾರಿನ ಶಬ್ದ ಕೇಳಿಯೇ ರೋಗ ಹೇಳಬಲ್ಲ ಮನುಷ್ಯನಿಗೆ ಎಳೆಯ ಬೆಂಡೆ ಯಾವುದು, ಬಲಿತದ್ದು ಯಾವುದು ಗೊತ್ತಾಗುವುದಿಲ್ಲ. ಅವರು ತಂದ ಬೆಂಡೆಕಾಯಿಯಲ್ಲಿ ಹಗ್ಗ ಹೊಸೆಯಬಹುದಿತ್ತು. ಗಿರಾಕಿಗಳು ಸಾಂಬಾರಿನ ಹೋಳುಗಳನ್ನು ತಟ್ಟೆಯ ಅಂಚಿಗೆ ಪಂಕ್ತಿಯಾಗಿ ಕೂರಿಸಿ ಎದ್ದುಹೋಗುತ್ತಿದ್ದರು.

ಚಿಕ್ಕಮ್ಮನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋಗಬಹುದಲ್ಲ ಎಂದು ನಾನು ಬುದ್ಧಿ ಹೇಳಿದೆ. ಹೋಗಬಹುದು ಎಂದು ಒಪ್ಪಿ, ಚಿಕ್ಕಪ್ಪ ಪಿಕಪ್ಪಿನ ಕೆಳಗೆ ನುಗ್ಗಿದರು. ಅವರಿಗೆ ಆಗಬೇಕಾದದ್ದು ಒಂದೇ: ಹೆಂಡತಿ ಪುನಃ ಆ ಗಾಡಿಯ ಎಡಗಡೆ ಸೀಟಿನಲ್ಲಿ ಕೂರಬೇಕು. ಅದಕ್ಕೆ ಸುಳ್ಳು ಹೇಳದ ಮುಳ್ಳೊಂದು ಬೇಕು. ಕ್ಷಮಿಸು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತೋ ಏನೋ! ಆದರೆ ಗಾಡಿ ಬಿಚ್ಚುವುದು ಅವರಿಗೆ ಅದಕ್ಕಿಂತ ಸುಲಭ.

ಗುಜರಿಯಲ್ಲಿ ಅವರಿಗೆ ಗಾಡಿಗೆ ಹೊಂದುವ ಗೇರ್‌ಬಾಕ್ಸು ಸಿಕ್ಕಿತು. ಸಿಕ್ಕಿದ್ದು ಒಂಟಿಯಾಗಿ ಅಲ್ಲ. ಯಾವುದೋ ಜೀಪಿನಿಂದ ಕಳಚಿದ್ದಾದ್ದರಿಂದ ಅದರ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಡಬ್ಬ ಅಂಟಿಕೊಂಡಿತ್ತು. ಟ್ರಾನ್ಸ್‌ಫರ್ ಕೇಸ್ ಎಂದರೆ ನಾನೇ ಅಲ್ಲವೇ ಎಂದು ಬ್ಯಾಂಕಿನವಳಾದ ನಾನು ಕೇಳಿದೆ. ಚಿಕ್ಕಪ್ಪ ನಗಲಿಲ್ಲ. ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಡಿಸಬೇಕೋ, ಮುಂದಿನವಕ್ಕೂ ಬಡಿಸಬೇಕೋ ಎಂದು ನಿರ್ಧರಿಸುವುದು ಆ ಡಬ್ಬವಂತೆ. ಬೇಡವಾದರೆ ಕಳಚಿ ಬಿಸಾಡಿ ಎಂದೆ. ಬಂದವರನ್ನು ಊಟ ಹಾಕದೆ ಕಳಿಸಲಿಕ್ಕುಂಟಾ ಎಂದರು. ಹೀಗಾಗಿ ನಮ್ಮ ಪಿಕಪ್ಪಿಗೆ ಎಂಜಿನ್ ಹಳೆಯದೇ, ಅದರ ಹಿಂದಿನ ಸಂಸಾರ ಪೂರ್ತಿ ಬೇರೆಯವರದ್ದು. ಮುಂದಿನ ಚಕ್ರಗಳಿಗೂ ಆ ಜೀಪಿನದೇ ಅಚ್ಚು ಬಂತು.

ಆ ಡಬ್ಬದಿಂದ ವಯರುಗಳು ಒತ್ತು ಶ್ಯಾವಿಗೆಯ ಹಾಗೆ ಹೊರಗೆ ಬಂದಿದ್ದವು. ಅದನ್ನು ಹೊಂದಿಸುವ ಸಣ್ಣ ಮೋಟಾರಿಗೆ ಕೆಲವು, ಅದು ಯಾವ ಸ್ಥಾನದಲ್ಲಿದೆ ಎಂದು ತಿಳಿಸಲು ಕೆಲವು, ಚಕ್ರದ ವೇಗ ಅಳೆಯುವ ಸೆನ್ಸರಿಗೆ ಕೆಲವು. ಯಾವುದು ಯಾವುದೆಂದು ಮರೆಯದಿರಲು ಚಿಕ್ಕಪ್ಪ ಪ್ರತಿಯೊಂದಕ್ಕೂ ಚೀಟಿ ಅಂಟಿಸಿದರು: ಕೆಂಪು ಚಟ್ನಿ, ಪುದೀನ, ಸಾಂಬಾರು, ಮೊಸರು. ಡ್ಯಾಶ್‌ಬೋರ್ಡಿನ ಮೇಲೆ ಮೂರು ಸ್ಥಾನದ ಒಂದು ತಿರುಗಣೆ ಬಂತು. ಎರಡು ಚಕ್ರದ ಓಟಕ್ಕೆ ಸಾದಾ, ನಾಲ್ಕು ಚಕ್ರಕ್ಕೆ ಮಸಾಲೆ, ಏರು ಹತ್ತುವ ನಿಧಾನದ ಗೇರಿಗೆ ರವೆ. ಪಕ್ಕದ ಬೀದಿಯ ಗುಜರಾತಿ ಎಲೆಕ್ಟ್ರಿಷಿಯನ್ ಒಮ್ಮೆ ಸಹಾಯಕ್ಕೆಂದು ಬಂದು ಬಾನೆಟ್ಟಿನೊಳಗೆ ಇಣುಕಿ, ಕೆಲಸ ಬಿಟ್ಟು ಒಂದು ದೋಸೆ ತಿಂದು ಹೋದ. ಅವನನ್ನು ದೂರುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಕರಾಮತ್ತು ಇನ್ನೊಂದು. ಸ್ಪೀಡೋಮೀಟರನ್ನು ಚಿಕ್ಕಪ್ಪ ಸ್ಟಿಯರಿಂಗಿನ ಎದುರಿನಿಂದ ಕಿತ್ತು ಎಡಗಡೆ, ಚಿಕ್ಕಮ್ಮ ಕೂರುವ ಸೀಟಿನ ಎದುರಿಗೆ ಕೂರಿಸಿದರು. ಓಡಿಸುವವರು ನೀವು, ಮುಳ್ಳು ಅವರಿಗೆ ಯಾಕೆ ಎಂದು ಕೇಳಿದೆ.

"ನನಗೆ ಅದೆಂತಕ್ಕೆ ಮಾರಾಯ್ತಿ? ನನಗೆ ರಸ್ತೆ ಉಂಟು. ಮುಳ್ಳು ಅವಳ ಇಲಾಖೆ."

ಇಲಾಖೆಯೇನೋ ಸ್ಥಾಪನೆಯಾಯಿತು, ಮುಳ್ಳು ಏಳಲಿಲ್ಲ. ಸೆನ್ಸರಿನ ಎದುರು ಹಲ್ಲುಗಳಿರುವ ಒಂದು ಬಳೆ ತಿರುಗಬೇಕು. ಹಲ್ಲುಗಳು ದಾಟಿದ ಲೆಕ್ಕದಲ್ಲಿ ವೇಗ ಗೊತ್ತಾಗುತ್ತದೆ. ಗುಜರಿಯವನು ಕೊಟ್ಟ ಡಬ್ಬದಲ್ಲಿ ಆ ಬಳೆಯೇ ಇರಲಿಲ್ಲ. ಬೇರೆಯವರಾಗಿದ್ದರೆ ಅಂಗಡಿ ಹುಡುಕುತ್ತಿದ್ದರು. ಚಿಕ್ಕಪ್ಪ ಅಡುಗೆಮನೆಗೆ ಹೋದರು! ಒಂದು ಹಳೆಯ ಇಡ್ಲಿ ತಟ್ಟೆ ಕತ್ತರಿಸಿ, ಲೇತಿನವನಿಂದ ಹಲ್ಲು ಕೊಯ್ಯಿಸಿ, ಅಳತೆ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿದರು. ಗಾಡಿ ಓಡಿಸಿದರು. ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ವಯರು ಬದಲಿಸಿದರು, ಸೆನ್ಸರು ಬದಲಿಸಿದರು, ಪುದೀನ ಚಟ್ನಿಯನ್ನೂ ಸಾಂಬಾರನ್ನೂ ಅದಲುಬದಲು ಮಾಡಿ ನೋಡಿದರು. ಊಹೂಂ.

ಒಂದು ಭಾನುವಾರ ಅವರು ಊಟಕ್ಕೆ ಕೂತು, ಸೆನ್ಸರಿನೊಳಗೆ ಅಯಸ್ಕಾಂತ ಉಂಟು, ಆದರೂ ಹಲ್ಲು ಅದಕ್ಕೆ ಕಾಣುವುದಿಲ್ಲ ಎಂದು ನನ್ನ ಹತ್ತಿರ ಗೋಳು ಹೇಳಿಕೊಳ್ಳುತ್ತಿದ್ದರು. ಚಿಕ್ಕಮ್ಮ ಗಾಡಿಯ ವಿಷಯಕ್ಕೆ ತಲೆ ಹಾಕುವುದಿಲ್ಲವೆಂದು ಶಪಥ ಮಾಡಿದವರು. ಬಡಿಸುತ್ತಿದ್ದ ಸೌಟು ಕೆಳಗಿಟ್ಟು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ನವಿಲನ್ನು ಕಿತ್ತುಕೊಂಡು ಬಂದರು. ಅದನ್ನು ಇಡ್ಲಿ ತಟ್ಟೆಗೆ ಒತ್ತಿದರು. ನವಿಲು ಜಾರಿ ಸಾರಿನ ಬಟ್ಟಲಿಗೆ ಬಿತ್ತು. ಹೆಕ್ಕಿ ಒರೆಸಿ ಕಬ್ಬಿಣದ ದೋಸೆ ಕಾವಲಿಗೆ ಒತ್ತಿದರು. ಟಪ್ಪನೆ ಅಂಟಿಕೊಂಡಿತು. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯುವುದಿಲ್ಲ ಎಂಬುದು ಚಿಕ್ಕಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇಡ್ಲಿ ತಟ್ಟೆ ಎಂಬ ಮಮಕಾರ ನೋಡಿ! ಚಿಕ್ಕಮ್ಮ ಪುನಃ ಸೌಟು ಹಿಡಿದರು. ಚಿಕ್ಕಪ್ಪ ಅರ್ಧ ಊಟದಲ್ಲಿ ಎದ್ದು, ನಿವೃತ್ತಿಯಾಗಿ ಮೂಲೆಯಲ್ಲಿದ್ದ ದೋಸೆ ಕಾವಲಿಯನ್ನು ತಬ್ಬಿಕೊಂಡು ಲೇತಿನ ಅಂಗಡಿಗೆ ಓಡಿದರು.

ಕಾವಲಿಯ ಬಳೆ ಬಂದ ಮೇಲೆ ಮುಳ್ಳು ಎದ್ದಿತು. ಎಷ್ಟು ಎದ್ದಿತೆಂದರೆ, ಗಾಡಿ ಎಂಜಿನ್ ಚಾಲೂ ಇಟ್ಟುಕೊಂಡು ಹೋಟೆಲಿನ ಎದುರು ನಿಂತಿದ್ದಾಗಲೂ ಎಂಬತ್ತು ತೋರಿಸತೊಡಗಿತು. ಸುದ್ದಿ ಕೇಳಿ ಬಂದ ಎಲೆಕ್ಟ್ರಿಷಿಯನ್ ಚಕ್ರ ನೋಡಿದ, ಮುಳ್ಳು ನೋಡಿದ. "ಕಾಕಾ, ಗಾಡಿ ತೋ ಊಭಿ ಛೆ" ಎಂದ, ಗಾಡಿ ನಿಂತೇ ಇದೆಯಲ್ಲ ಎಂದು. ಅದರಿಂದ ಇನ್ನೊಂದು ಫಜೀತಿ. ಗಾಡಿ ನಿಂತಿದ್ದರೆ ಮಾತ್ರ ಟ್ರಾನ್ಸ್‌ಫರ್ ಕೇಸು ನಿಧಾನದ ಗೇರಿಗೆ ಬದಲಾಗುತ್ತದೆ. ತಾನು ಎಂಬತ್ತರಲ್ಲಿ ಓಡುತ್ತಿದ್ದೇನೆಂದು ನಂಬಿದ ಡಬ್ಬ ಬದಲಾಗಲು ಒಪ್ಪುತ್ತದೆಯೇ? ನಿಂತಿರುವ ಗಾಡಿಗೆ ನೀನು ನಿಂತಿದ್ದೀಯ ಎಂದು ನಂಬಿಸುವುದು ಎಷ್ಟು ಕಷ್ಟ! ಹಾಗೆಂದು ಚಿಕ್ಕಪ್ಪ ಗೊಣಗಿದಾಗ ನನಗೆ ಮಾತ್ರ ವಿಚಿತ್ರ ಅನ್ನಿಸಲಿಲ್ಲ. ಎದುರಿಗೇ ನಿಂತ ಪಿಂಚಣಿದಾರರಿಗೆ, ಬದುಕಿರುವುದಕ್ಕೆ ಸರ್ಟಿಫಿಕೇಟು ತನ್ನಿ ಎನ್ನುವವರು ನಾವು.

ತಪ್ಪು ಇದ್ದದ್ದು ಕಟ್ಟಿದ ರೀತಿಯಲ್ಲಿ. ಎಡಗಡೆಗೆ ಎಳೆದ ಸೆನ್ಸರಿನ ವಯರನ್ನು ಚಿಕ್ಕಪ್ಪ ಬ್ಯಾಟರಿ ತುಂಬಿಸುವ ಆಲ್ಟರ್ನೇಟರಿನ ದಪ್ಪ ವಯರಿನ ಜೊತೆ ಸೇರಿಸಿ, ಮಲ್ಲಿಗೆ ಚೆಂಡು ಕಟ್ಟಿದಷ್ಟು ಒತ್ತಾಗಿ ಬಿಗಿದಿದ್ದರು. ದಪ್ಪ ವಯರಿನ ಗದ್ದಲವೆಲ್ಲ ಸಣ್ಣದರ ಕಿವಿಗೆ ಬೀಳುತ್ತಿತ್ತು. ಲೋಹದ ಬಲೆ ಹೊದಿಸಿದ ವಯರು ತಂದು ಬೇರೆ ದಾರಿಯಲ್ಲಿ ಎಳೆದ ಮೇಲೆ ಮುಳ್ಳು ಶಾಂತವಾಯಿತು. ಆಮೇಲೆ ಪರೀಕ್ಷೆ. ಅರವತ್ತರಲ್ಲಿ ಹೋದರೆ ಕಿಲೋಮೀಟರಿಗೆ ಒಂದು ನಿಮಿಷವಾಗಬೇಕು. ಕೈಗಡಿಯಾರ ಹಿಡಿದು ರಸ್ತೆಯ ಕಲ್ಲುಗಳನ್ನು ಕಾಯುವ ಉದ್ಯೋಗ ನನ್ನದು. ಮೊದಲ ಕಲ್ಲಿನ ಎದುರು ಎಮ್ಮೆ ನಿಂತಿತ್ತು, ಎರಡನೆಯದರ ಮೇಲೆ ಒಬ್ಬರು ಅಂಗಿ ಒಣಹಾಕಿದ್ದರು. ಅಂತೂ ಲೆಕ್ಕ ಸಿಕ್ಕಾಗ ಮುಳ್ಳು ಇದ್ದದ್ದರ ಎರಡು ಪಟ್ಟು ಹೇಳುತ್ತಿದೆ ಎಂದು ಗೊತ್ತಾಯಿತು. ಕಾವಲಿಗೆ ಒಂದು ಬಿಟ್ಟು ಒಂದು ಹಲ್ಲು ಕೀಳಿಸಿದರು. ಆಗ ಸರಿಹೋಯಿತು.

ಮಗಳ ಸೀಮಂತ ಬಂತು. ಚಿಕ್ಕಪ್ಪ ಗಾಡಿಯಲ್ಲಿ ಬಾ ಎಂದು ಕರೆಯಲಿಲ್ಲ. ಎಡಗಡೆ ಸೀಟು ಒರೆಸಿದರು, ಹೊಸ ದಿಂಬು ಇಟ್ಟರು, ಬೇಡದಿದ್ದರೂ ಇನ್ನೊಮ್ಮೆ ಒರೆಸಿದರು. ಪಾತ್ರೆಗಳನ್ನು ಕಟ್ಟುತ್ತಿದ್ದ ಚಿಕ್ಕಮ್ಮ ಸ್ವಲ್ಪ ಹೊತ್ತು ನೋಡಿ ಹೊರಗೆ ಬಂದರು.

"ಅರವತ್ತು ದಾಟಿದ್ರೆ ನಾನು ಅಲ್ಲೇ ಇಳಿದು ರೈಲಿಗೆ ಹೋಗ್ತೇನೆ."

"ಮುಳ್ಳು ನಿನ್ನ ಎದುರೇ ಉಂಟಲ್ಲ" ಎಂದರು ಚಿಕ್ಕಪ್ಪ.

ಹೊರಟೆವು. ಹಿಂದಿನ ಸೀಟಿನಲ್ಲಿ ಪಾತ್ರೆಗಳ ನಡುವೆ ನಾನು. ನನಗೆ ಕಾಣುತ್ತಿದ್ದದ್ದು ಚಿಕ್ಕಮ್ಮನ ತುರುಬು ಮಾತ್ರ. ಚಿಕ್ಕಪ್ಪ ಕತ್ತು ಅಲ್ಲಾಡಿಸದೆ ರಸ್ತೆಯನ್ನೇ ನೋಡುತ್ತಿದ್ದರು. ಲಾರಿಗಳು ನಮ್ಮನ್ನು ದಾಟಿದವು, ಹುಲ್ಲು ಹೇರಿದ ಟೆಂಪೋ ದಾಟಿತು, ಮೂರು ಜನ ಕೂತ ಸ್ಕೂಟರೊಂದು ದಾಟಿ ಹೋಗುತ್ತಾ ಕನಿಕರದಿಂದ ನೋಡಿತು. ಹಿಮಾಲಯ ಹತ್ತಬಲ್ಲ ಗಾಡಿಗೆ ಈ ಗತಿ! ಆಗಾಗ ಚಿಕ್ಕಪ್ಪ ಎಷ್ಟು ಎಂದು ಕೇಳುವುದು, ಅರವತ್ತು ದಾಟಲಿಲ್ಲ ಎಂದು ಚಿಕ್ಕಮ್ಮ ಹೇಳುವುದು. ವಡೋದರಾ ದಾಟಿ ಆ ಹರಳಿನ ಹೊಲದ ತಿರುವು ಬಂತು. ಚಿಕ್ಕಮ್ಮನ ಕೈ ಬಾಗಿಲಿನ ಹಿಡಿಯ ಮೇಲಿತ್ತು. ತಿರುವು ಕಳೆದ ಮೇಲೆ ಆ ಕೈ ಡಬ್ಬಿ ತೆರೆದು, ಒಂದು ಗೋಳಿಬಜೆ ತೆಗೆದು ಚಿಕ್ಕಪ್ಪನ ಬಾಯಿಗೆ ಇಟ್ಟಿತು. ನಾನು ಕಿಟಕಿಯ ಹೊರಗೆ ನೋಡಿದೆ.

ವಸ್ತ್ರಾಪುರದಲ್ಲಿ ಇಳಿದವರೇ ಚಿಕ್ಕಪ್ಪ, ಮುಳ್ಳು ಹೇಗೆ ಎಂದು ಎದೆಯುಬ್ಬಿಸಿ ಕೇಳಿದರು. "ಒಂದು ಸಲವೂ ಅರವತ್ತು ದಾಟಲಿಲ್ಲ" ಎಂದರು ಚಿಕ್ಕಮ್ಮ. ಚಿಕ್ಕಪ್ಪ ಬೀಗರಿಗೆಲ್ಲ ದೋಸೆ ಕಾವಲಿಯ ಮಹಿಮೆ ಹೇಳುತ್ತಾ ಮನೆಯೊಳಗೆ ಹೋದರು.

ಅಡುಗೆಮನೆಯಲ್ಲಿ ಪಾತ್ರೆ ಬಿಚ್ಚುತ್ತಾ ನಾನು, ಅಂತೂ ಮುಳ್ಳು ನಿಮ್ಮ ಮನಸ್ಸು ಗೆದ್ದಿತು ಎಂದು ಚಿಕ್ಕಮ್ಮನನ್ನು ಕೆಣಕಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಯಾವ ಮುಳ್ಳು? ಅದು ಭರೂಚಿನ ಸೇತುವೆಯಲ್ಲೇ ಬಿದ್ದುಹೋಯ್ತು. ಆಮೇಲೆ ನಾವು ಇಲ್ಲಿವರೆಗೆ ಸೊನ್ನೆಯಲ್ಲೇ ಬಂದದ್ದು."

ನನ್ನ ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತಿತು. ಇಳಿದು ರೈಲಿಗೆ ಹೋಗುತ್ತೇನೆ ಎಂದಿದ್ದಿರಲ್ಲ ಎಂದೆ.

"ಮುಳ್ಳು ನೋಡಿದ್ದು ಭರೂಚಿನವರೆಗೆ. ಆಮೇಲೆ ಅವರನ್ನೇ ನೋಡಿದೆ. ಹಾಗೆ ರಸ್ತೆ ನೋಡ್ಕೊಂಡು ಹೋಗುವವರಿಗೆ ಮುಳ್ಳು ಯಾಕೆ?"

ನನಗೆ ನಗು ಬಂತು, ಅದರ ಬೆನ್ನಿಗೇ ಕಣ್ಣೂ ತುಂಬಿತು. ಹೊರಗೆ ಚಿಕ್ಕಪ್ಪ ಯಾರಿಗೋ, ನಮ್ಮ ಮುಳ್ಳು ಸುಳ್ಳು ಹೇಳುವುದಿಲ್ಲ ಎಂದು ವಿವರಿಸುತ್ತಿದ್ದರು. ಪಾಪ, ಅವರಿಗೆ ಹೇಳಿಬಿಡೋಣ ಎಂದು ನಾನು ಎದ್ದೆ. ಚಿಕ್ಕಮ್ಮ ನನ್ನ ಸೆರಗು ಹಿಡಿದು ಕೂರಿಸಿದರು.

"ಸುಮ್ಮನಿರು. ಹೇಳಿದ್ರೆ ಪುನಃ ಗಾಡಿ ಬಿಚ್ಚಿ ತಿಂಗಳುಗಟ್ಟಲೆ ಅದರ ಅಡಿಯಲ್ಲಿ ಮಲಗ್ತಾರೆ. ನಾಡಿದ್ದು ಮಾರ್ಕೆಟಿಗೆ ನಾನು ಅವರ ಜೊತೆ ಹೋಗುದು ಬೇಡವಾ? ಇಡೀ ದಿನದಲ್ಲಿ ನಾವಿಬ್ಬರೇ ಕೂತು ಮಾತಾಡ್ಲಿಕ್ಕೆ ಇದ್ದದ್ದು ಅದೊಂದೇ ಹೊತ್ತು."