ಹೊನ್ನಾಳಿ ವಿರುದ್ಧ ಹಾಕಿ

ತೊಂದರೆಗೆಲ್ಲ ಕಾರಣ ಒಂದು ಕಪ್ಪು ಹಲಗೆ. ಅದು ತೀರ ಚಿಕ್ಕದಿತ್ತು.

ತಾಲ್ಲೂಕು ಕಚೇರಿಯ ಗುಮಾಸ್ತ ತಿಪ್ಪೇರುದ್ರಸ್ವಾಮಿ ಚನ್ನಗಿರಿ ಹಾಕಿ ತಂಡದ ನಾಯಕನೂ ಹೌದು. ಬೇರೆ ಯಾರೂ ಒಪ್ಪದ ಕಾರಣ ಹದಿನಾರು ವರ್ಷಗಳಿಂದ ಆತನೇ ನಾಯಕ. ಒಂದು ಕಾಲಕ್ಕೆ ನೆರೆಯ ಹೊನ್ನಾಳಿಯ ಮೇಲಿನ ವರ್ಷದ ಪಂದ್ಯಕ್ಕೆ ಜನ ಅಂಗಡಿ ಮುಚ್ಚಿ ಬರುತ್ತಿದ್ದರು. ಹೋದ ವರ್ಷ, ಎಂಬತ್ತಮೂರರಲ್ಲಿ, ಬಂದವರು ಒಂಬತ್ತು ಮಂದಿ. ಅವರಲ್ಲಿ ಇಬ್ಬರು ಕಳೆದುಹೋದ ಮೇಕೆ ಹುಡುಕಿಕೊಂಡು ಬಂದವರು.

“ನೂರು ಜನ ಸೇರಿದ್ರೆ ಮುಂದಕ್ಕೂ ಆಡ್ರಿ. ಇಲ್ಲಾಂದ್ರೆ ಇದೇ ಕೊನೆ,” ಎಂದಿದ್ದ ಮೈದಾನ ಸಮಿತಿಯ ಅಧ್ಯಕ್ಷ ಬೆನಕಪ್ಪ. “ಎಲ್ರೂ ರೇಡಿಯೋದಾಗೆ ಕ್ರಿಕೆಟ್ ಕೇಳ್ತಾರೆ. ಹೊನ್ನಾಳಿ ಮ್ಯಾಲಿನ ಹಳೇ ಹಟ ಈಗ ಯಾರಿಗೈತೆ?”

ಅದೇ ಪ್ರಶ್ನೆಯನ್ನು ಸ್ವಾಮಿಯೂ ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಿದ್ದ.

ಪಂದ್ಯದ ದಿನ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಹಲಗೆ ನಿಲ್ಲಿಸಿ ಬರೆದ: ‘ಇಂದು ಸಂಜೆ ನಾಲ್ಕಕ್ಕೆ, ಮೈದಾನದಲ್ಲಿ, ಹೊನ್ನಾಳಿ ವಿರುದ್ಧ ಹಾಕಿ.’ ‘ಪಂದ್ಯ’ ಎಂಬ ಪದಕ್ಕೆ ಜಾಗ ಸಾಲಲಿಲ್ಲ.

ಪಹಣಿಗೆಂದು ಬಂದಿದ್ದ ಕಸ್ತೂರಮ್ಮ ಅದನ್ನು ಎರಡು ಸಲ ಓದಿದಳು. “ಹೊನ್ನಾಳಿ ವಿರುದ್ಧ ಹಾಕಿ ಅಂದ್ರೆ, ಏನ್ ಹಾಕಾದು ರೇವಣ್ಣ?”

“ತಾಲ್ಲೂಕಾಫೀಸಿನಾಗೆ ಇನ್ನೇನ್ ಹಾಕ್ತಾರಕ್ಕಾ? ಅರ್ಜಿ!” ಎಂದ ಪಕ್ಕದಲ್ಲಿದ್ದ ರೇವಣ್ಣ.

ಆಕೆ ಕಿಟಕಿಯಲ್ಲಿ ತಲೆ ತೂರಿಸಿದಳು. “ಸ್ವಾಮ್ಯೋರೆ, ಸಂಜೆ ಹೆಂಗಸ್ರೂ ಬರಬೌದೇನ್ರೀ?”

“ಬರ್ರೀ ಅಮ್ಮಾ! ಊರಿಗೂರನ್ನೇ ಕರ್ಕೊಂಡು ಬರ್ರಿ!”

ಹಗ್ಗ ಕಳಚಿದ ಕರುವಿನಂತೆ ಸುದ್ದಿ ನಲ್ಲೂರಿನವರೆಗೆ ಓಡಿತು.

ನಾಲ್ಕಕ್ಕೆ ಮೈದಾನದಲ್ಲಿ ಜನವೋ ಜನ. ಬೆನಕಪ್ಪನೇ ಎಣಿಸಿದ. ನೂರಾ ನಲವತ್ತು. ಸ್ವಾಮಿಯ ಕಣ್ಣು ತೇವವಾಯಿತು. ಆಗ ಕಸ್ತೂರಮ್ಮ ಆತನ ಕೈಗೆ ಒಂದು ಕಾಗದ ತುರುಕಿದಳು.

“ನಮ್ಮ ಹೊನ್ನಾಳಿ ಅಳಿಯನ ಮ್ಯಾಲೆ ಅರ್ಜಿ. ಹೋದ ದೀಪಾವಳಿಗೆ ಬಂದು ಕುಂತೋನು ಇನ್ನೂ ಎದ್ದಿಲ್ಲ.”

“ಹೊನ್ನಾಳಿಯಾಗೆ ಕೊಂಡ ಎಮ್ಮೆ ಸ್ವಾಮ್ಯೋರೆ. ಒದಿಯಾದೊಂದೇ ಕಲ್ತೈತೆ,” ಎಂದ ರೇವಣ್ಣ.

“ಬಸ್ಸಿನಾಗೆ ಕಿಟಕಿ ಸೀಟಿಗೆಲ್ಲ ಟವಲ್ ಹಾಕಿಬಿಡ್ತಾರ್ರೀ ಆ ಊರೋರು!” ಎಂದು ಹಿಂದಿನಿಂದ ಯಾರೋ ಕೂಗಿದರು.

ನೂರಾ ನಲವತ್ತು ಕಾಗದಗಳು ಗಾಳಿಗೆ ಪಟಪಟಿಸಿದವು. ಸ್ವಾಮಿಗೆ ವಿಷಯ ತಿಳಿಯಿತು. ಆದರೂ ಲೆಕ್ಕ ಲೆಕ್ಕವೇ ತಾನೆ?

“ನೂರರ ಮ್ಯಾಲೆ ಬಂದಾರಲ್ಲ ಬೆನಕಪ್ನೋರೆ. ಅರ್ಜಿನೂ ಇಸ್ಕೊಳ್ತೀನಿ, ಆಟಾನೂ ಆಡ್ತೀವಿ.”

ಅಷ್ಟರಲ್ಲಿ ದೂರದ ರಸ್ತೆಯಲ್ಲಿ ಹೊನ್ನಾಳಿ ತಂಡದ ಲಾರಿ ಧೂಳೆಬ್ಬಿಸಿತು. ನೂರಾ ನಲವತ್ತು ಕುತ್ತಿಗೆಗಳು ಒಟ್ಟಿಗೇ ಅತ್ತ ತಿರುಗಿದವು. “ಬಂದ್ರು ನೋಡ್ರಲಾ!” ಎಂಬ ಕೂಗಿಗೆ ಬೆನಕಪ್ಪನ ಶಲ್ಯ ಜಾರಿತು. ಅದನ್ನೆತ್ತಿಕೊಳ್ಳದೆ ರಸ್ತೆಗೆ ಓಡಿದ. ಕೈ ಅಡ್ಡ ಹಿಡಿದು ಲಾರಿಯನ್ನು ಬಂದ ದಾರಿಗೇ ತಿರುಗಿಸಿ ಏದುಸಿರು ಬಿಡುತ್ತ ವಾಪಸಾದ.

“ನನ್ನದೇ ತಪ್ಪು ಸ್ವಾಮ್ಯೋರೆ. ಹಟ ಸತ್ತಿಲ್ಲ. ಗಟ್ಟಿಮುಟ್ಟಾಗೇ ಐತೆ.”

“ಹಂಗಾದ್ರೆ ಪಂದ್ಯ ಮುಂದಕ್ಕೂ ಉಂಟಲ್ರೀ?” ಎಂದ ಸ್ವಾಮಿ ಆಸೆಯಿಂದ.

“ಒಂಬತ್ತು ಜನ ಬಂದಿದ್ರೆ ಇನ್ನೊಂದು ವರ್ಷ ಆಡ್ರಿ ಅಂತಿದ್ದೆನೇನೋ,” ಎಂದ ಬೆನಕಪ್ಪ. “ಇಷ್ಟು ಸಿಟ್ಟಿರೋ ಊರಿನ ಕೈಗೆ ಹನ್ನೊಂದು ಕೋಲು ಕೊಡಾಕೆ ನನಗೆ ಧೈರ್ಯ ಇಲ್ರೀ.”